ಯೋಚನೆಯಲ್ಲೂ ಗಂಡು-ಹೆಣ್ಣು ಅಂತ ಇದೆಯಾ?

ಓದುಗರ ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನ ಒಂದು ಕಂಪನಿಯಲ್ಲಿ ಡೇಟಾ ಅನಲಿಸ್ಟ್. ಮನೆ ಕೊಳ್ಳುವುದಿರಲಿ, ಮಗಳ ಶಾಲೆ ಇರಲಿ, ಎಲ್ಲವನ್ನೂ ಪಟ್ಟಿ ಮಾಡಿ, ಲೆಕ್ಕ ಹಾಕಿ ತೀರ್ಮಾನಕ್ಕೆ ಬರುತ್ತೇನೆ. ನನ್ನ ಯಜಮಾನರು ಹಾಗಲ್ಲ, ಮನಸ್ಸಿಗೆ ತೋಚಿದ್ದನ್ನು ನಂಬುತ್ತಾರೆ. ‘ನಿಂದು ಗಂಡಸಿನ ಬುದ್ಧಿ, ಅವಂದು ಹೆಂಗರುಳು’ ಅಂತ ಅತ್ತೆ ಆಗಾಗ ಹೇಳುತ್ತಾರೆ. ಮೊನ್ನೆ ಆಫೀಸಿನ ತರಬೇತಿಯಲ್ಲಿ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಅದರಲ್ಲೂ ನನಗೆ ‘ಪುರುಷ ಗುಣ ಜಾಸ್ತಿ’ ಎಂದು ಬಂತು. ಯೋಚಿಸುವುದರಲ್ಲಿ ನಿಜವಾಗಿಯೂ ಗಂಡು ರೀತಿ, ಹೆಣ್ಣು ರೀತಿ ಅಂತ ಇದೆಯಾ? 9 ವರ್ಷದ ಮಗಳು ಥೇಟ್ ನನ್ನ ಹಾಗೇ. ಅವಳ ವಿಷಯದಲ್ಲಿ ನಾನು ಏನಾದರೂ ಮಾಡಬೇಕಾ?

ಉತ್ತರ: ನೀವು ಕೇಳಿದ್ದರಲ್ಲಿ ಮೂರು ಬೇರೆ ಬೇರೆ ವಿಷಯಗಳು ಸೇರಿಕೊಂಡಿವೆ. ಹುಟ್ಟಿನಿಂದ ಹೆಣ್ಣಾಗಿರುವುದು ಒಂದು. ‘ಹೆಣ್ಣು ಅಂದರೆ ಹೀಗಿರಬೇಕು’ ಎಂದು ಸುತ್ತಲಿನವರು ಹೇಳಿದ್ದನ್ನು ನಾವು ಎಷ್ಟರಮಟ್ಟಿಗೆ ನಮ್ಮದಾಗಿಸಿಕೊಂಡಿದ್ದೇವೆ ಎಂಬುದು ಇನ್ನೊಂದು. ಇದನ್ನು ಲಿಂಗ ಪಾತ್ರದ ಗುರುತು ಎನ್ನುತ್ತೇವೆ. ಯೋಚಿಸುವ ಶೈಲಿ ಮೂರನೆಯದು. ಹುಟ್ಟಿಗೂ ಯೋಚನೆಯ ಶೈಲಿಗೂ ಇರುವ ನಂಟು ಬಹಳ ಸಣ್ಣದು. ಪಾತ್ರದ ಗುರುತಿಗೂ ಶೈಲಿಗೂ ಇರುವ ನಂಟು ಅದಕ್ಕಿಂತ ಸ್ಪಷ್ಟ. ಆ ನಂಟು ಎಲ್ಲಿಂದ ಬರುತ್ತದೆ ಎಂಬುದು ಗೊತ್ತಾದರೆ ನಿಮ್ಮ ಅರ್ಧ ಚಿಂತೆ ಕಳೆಯುತ್ತದೆ.

ಮೊದಲು ನಿಮ್ಮ ಆಫೀಸಿನ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ‘ಪುರುಷ ಗುಣ’, ‘ಸ್ತ್ರೀ ಗುಣ’ ಎಂದು ಅಂಕ ಕೊಡುವ ಪರೀಕ್ಷೆಗಳಲ್ಲಿ ಅತಿ ಹೆಚ್ಚು ಬಳಕೆಯಾದದ್ದು ಅಮೆರಿಕದ ಮನೋವಿಜ್ಞಾನಿ ಸಾಂಡ್ರಾ ಬೆಮ್ ಅವರು 1974ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ. ಅದಕ್ಕೂ ಮೊದಲು ಗಂಡುತನ ಮತ್ತು ಹೆಣ್ತನವನ್ನು ಒಂದೇ ಗೆರೆಯ ಎರಡು ತುದಿಗಳು ಎಂದು ಎಣಿಸುತ್ತಿದ್ದರು. ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗಲೇಬೇಕು ಎಂಬ ಲೆಕ್ಕ. 1936ರಲ್ಲಿ ಟರ್ಮನ್ ಮತ್ತು ಮೈಲ್ಸ್ ಮಾಡಿದ ಪರೀಕ್ಷೆ ನಿಂತಿದ್ದು ಈ ನಂಬಿಕೆಯ ಮೇಲೆಯೇ. ಬೆಮ್ ಆ ಗೆರೆಯನ್ನು ಒಡೆದು ಎರಡು ಮಾಡಿದರು. ಒಬ್ಬರಲ್ಲೇ ಎರಡೂ ಗುಣ ಚೆನ್ನಾಗಿ ಇರಬಹುದು, ಎರಡೂ ಕಡಿಮೆ ಇರಬಹುದು ಎಂದರು. ಅವರ ಪಟ್ಟಿಯಲ್ಲಿ 60 ಗುಣಗಳಿವೆ: 20 ‘ಪುರುಷ’, 20 ‘ಸ್ತ್ರೀ’, 20 ಎರಡಕ್ಕೂ ಸೇರದವು. ಪ್ರತಿ ಗುಣಕ್ಕೂ 1ರಿಂದ 7ರವರೆಗೆ ನಮಗೆ ನಾವೇ ಅಂಕ ಹಾಕಿಕೊಳ್ಳಬೇಕು. ಆ ಕಾಲಕ್ಕೆ ಅದು ನಿಜಕ್ಕೂ ದೊಡ್ಡ ಹೆಜ್ಜೆ. ಅವರ ಬಗ್ಗೆ ನನಗೆ ತುಂಬಾ ಗೌರವವಿದೆ.

ಆದರೆ ಯಾವ ಗುಣ ‘ಪುರುಷ’, ಯಾವುದು ‘ಸ್ತ್ರೀ’ ಎಂದು ತೀರ್ಮಾನ ಮಾಡಿದ್ದು ಯಾರು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ‘ಅಮೆರಿಕದ ಸಮಾಜದಲ್ಲಿ ಈ ಗುಣ ಗಂಡಸಿಗೆ ಎಷ್ಟು ಒಪ್ಪುತ್ತದೆ, ಹೆಂಗಸಿಗೆ ಎಷ್ಟು ಒಪ್ಪುತ್ತದೆ?’ ಎಂದು ಅವರನ್ನು ಕೇಳಿದರು. ಅವರ ಉತ್ತರದ ಮೇಲೆ ಪಟ್ಟಿ ತಯಾರಾಯಿತು. ಹಾಗಾಗಿ ಗಂಡು-ಹೆಣ್ಣು ಹೇಗಿದ್ದಾರೆ ಎಂಬುದು ಆ ಪಟ್ಟಿಯಲ್ಲಿಲ್ಲ. ಅವರು ಹೇಗಿದ್ದರೆ ಚೆನ್ನ ಎಂದು 1970ರ ದಶಕದ ಅಮೆರಿಕ ಬಯಸುತ್ತಿತ್ತು ಎಂಬುದಿದೆ.

ಪಟ್ಟಿಯ ಒಳಗೆ ಇಣುಕಿ ನೋಡಿ. ಪುರುಷ ಗುಣಗಳಲ್ಲಿ ಸ್ವತಂತ್ರ ಸ್ವಭಾವ, ನಾಯಕತ್ವ, ಮಹತ್ವಾಕಾಂಕ್ಷೆ, ಸುಲಭವಾಗಿ ತೀರ್ಮಾನ ತೆಗೆದುಕೊಳ್ಳುವುದು, ತನ್ನ ನಿಲುವಿಗೆ ಬದ್ಧವಾಗಿರುವುದು ಇವೆ. ಜೊತೆಗೆ ‘ವಿಶ್ಲೇಷಿಸಿ ನೋಡುವ ಸ್ವಭಾವ’ ಎಂಬುದೂ ಇದೆ. ಸ್ತ್ರೀ ಗುಣಗಳಲ್ಲಿ ಮೃದು ಮಾತು, ಅಂತಃಕರಣ, ಬೇರೆಯವರ ಕಷ್ಟ ಅರ್ಥ ಮಾಡಿಕೊಳ್ಳುವುದು ಇವೆ. ಅವುಗಳ ಪಕ್ಕದಲ್ಲೇ ‘ಮಗುವಿನಂಥ ಸ್ವಭಾವ’ ಮತ್ತು ‘ಬೇಗ ಮೋಸ ಹೋಗುವುದು’ ಕೂಡ ಇವೆ! ನೀವು ಕೆಲಸದಲ್ಲೂ ಮನೆಯಲ್ಲೂ ವಿಶ್ಲೇಷಣೆ ಮಾಡುವವರು. ಪ್ರಾಮಾಣಿಕವಾಗಿ 7 ಅಂಕ ಹಾಕಿರುತ್ತೀರಿ. ಆ 7 ನೇರವಾಗಿ ‘ಪುರುಷ’ ಖಾತೆಗೆ ಹೋಯಿತು. ನಿಮ್ಮ ಆಫೀಸಿನವರು ಕೊಟ್ಟಿದ್ದು ಇದೇ ಪ್ರಶ್ನಾವಳಿ ಇರಲಿಕ್ಕಿಲ್ಲ. ಆದರೆ ಈ ಬಗೆಯ ಪರೀಕ್ಷೆಗಳು ಕೆಲಸ ಮಾಡುವ ಕ್ರಮ ಹೆಚ್ಚುಕಡಿಮೆ ಇದೇ. ಯೋಚಿಸುವ ಒಂದು ರೀತಿಯನ್ನು ಮೊದಲೇ ಗಂಡಸಿನ ಹೆಸರಿಗೆ ಬರೆದಿಟ್ಟು, ಆಮೇಲೆ ‘ಹೀಗೆ ಯೋಚಿಸುವವರಲ್ಲಿ ಗಂಡಸಿನ ಗುಣ ಜಾಸ್ತಿ’ ಎಂದರೆ ಹೊಸದಾಗಿ ಏನನ್ನೂ ಕಂಡುಹಿಡಿದಂತೆ ಆಗುವುದಿಲ್ಲ. ಹಾಕಿದ್ದನ್ನೇ ವಾಪಸ್ ತೆಗೆದಂತೆ ಆಗುತ್ತದೆ, ಅಲ್ವಾ?

ಬೆಮ್ ಜೊತೆಗೇ, ಅದೇ 1974ರಲ್ಲಿ, ಇಂಥದೇ ಇನ್ನೊಂದು ಪ್ರಶ್ನಾವಳಿ ತಂದವರಲ್ಲಿ ಜಾನೆಟ್ ಸ್ಪೆನ್ಸ್ ಒಬ್ಬರು. ಈ ಪರೀಕ್ಷೆಗಳು ಅಳೆಯುವುದು ಗಂಡುತನ-ಹೆಣ್ತನವನ್ನಲ್ಲ, ‘ಕೆಲಸ ಸಾಧಿಸುವ ಗುಣ’ ಮತ್ತು ‘ಭಾವನೆಗೆ ಸ್ಪಂದಿಸುವ ಗುಣ’ ಎಂಬ ಎರಡು ಸಾಮಾನ್ಯ ಗುಣಗಳನ್ನು ಎಂದು ಅವರು ಮುಂದೆ ಗಟ್ಟಿಯಾಗಿ ವಾದಿಸಿದರು. ನನ್ನ ಒಲವೂ ಆ ಕಡೆಗೇ. ನಿಮ್ಮ ವರದಿಯಲ್ಲಿ ‘ಪುರುಷ’ ಎಂದಿರುವ ಕಡೆಯೆಲ್ಲ ‘ಕೆಲಸ ಸಾಧಿಸುವ’ ಎಂದು ಓದಿಕೊಳ್ಳಿ. ಆಗ ಅದು ನಿಮ್ಮ ಬಗ್ಗೆ ನಿಜವನ್ನೇ ಹೇಳುತ್ತದೆ.

ಈಗ ಯೋಚನೆಯ ಶೈಲಿಗೆ ಬರೋಣ. ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮನೋವಿಜ್ಞಾನಿ ರಾಬರ್ಟ್ ಸ್ಟರ್ನ್‌ಬರ್ಗ್ ಅವರ ವಿವರಣೆ. 1988ರಲ್ಲಿ ಅವರು ಇದನ್ನು ಮುಂದಿಟ್ಟರು. ಮನಸ್ಸು ತನ್ನನ್ನು ತಾನು ಆಳಿಕೊಳ್ಳುವ ರೀತಿ ಒಂದು ಸರ್ಕಾರದ ಹಾಗೆ ಎಂದು ಅವರ ಕಲ್ಪನೆ. ಶಾಲೆಯ ಪೌರನೀತಿ ಪಾಠದ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ನೆನಪಿದೆಯಲ್ಲ? ತನ್ನ ದಾರಿಯನ್ನು ತಾನೇ ಮಾಡಿಕೊಳ್ಳಲು ಇಷ್ಟಪಡುವವರದು ಶಾಸಕಾಂಗದ ಶೈಲಿ. ಕೊಟ್ಟ ನಿಯಮದೊಳಗೆ ಅಚ್ಚುಕಟ್ಟಾಗಿ ಕೆಲಸ ಮುಗಿಸಲು ಇಷ್ಟಪಡುವವರದು ಕಾರ್ಯಾಂಗದ ಶೈಲಿ. ತೂಗಿ ನೋಡಿ, ಹೋಲಿಸಿ, ಸರಿ-ತಪ್ಪು ಹೇಳಲು ಇಷ್ಟಪಡುವವರದು ನ್ಯಾಯಾಂಗದ ಶೈಲಿ. ಒಟ್ಟು ಚಿತ್ರ ನೋಡುವವರು, ಸಣ್ಣ ವಿವರ ನೋಡುವವರು, ಒಂಟಿಯಾಗಿ ಯೋಚಿಸುವವರು, ಜೊತೆಗೂಡಿ ಯೋಚಿಸುವವರು ಹೀಗೆ ಅವರ ಪಟ್ಟಿಯಲ್ಲಿ ಒಟ್ಟು 13 ಶೈಲಿಗಳಿವೆ. ಶೈಲಿ ಅಂದರೆ ಸಾಮರ್ಥ್ಯವಲ್ಲ ಎಂಬುದು ಅವರ ಮುಖ್ಯ ಮಾತು. ಇರುವ ಸಾಮರ್ಥ್ಯವನ್ನು ಹೇಗೆ ಬಳಸಲು ಮನಸ್ಸು ಬಯಸುತ್ತದೋ ಅದೇ ಶೈಲಿ. ಅದು ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ, ವಯಸ್ಸಿನೊಂದಿಗೆ ಬದಲಾಗುತ್ತದೆ. ಮನೆಯಲ್ಲಿ, ಶಾಲೆಯಲ್ಲಿ ಯಾವುದಕ್ಕೆ ಶಭಾಷ್ ಸಿಗುತ್ತದೋ ಆ ಕಡೆ ಬೆಳೆಯುತ್ತದೆ.

ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಲೀ-ಫಾಂಗ್ ಝಾಂಗ್, ಸ್ಟರ್ನ್‌ಬರ್ಗ್ ಜೊತೆ ಸೇರಿ ಈ 13 ಶೈಲಿಗಳನ್ನು ಮೂರು ಗುಂಪು ಮಾಡಿದ್ದಾರೆ. ಹೊಸ ದಾರಿ ಹುಡುಕುವ, ತೂಗಿ ನೋಡುವ, ಒಟ್ಟು ಚಿತ್ರ ಹಿಡಿಯುವ ಶೈಲಿಗಳು ಮೊದಲ ಗುಂಪಿನಲ್ಲಿವೆ. ಹೇಳಿದ್ದನ್ನು ಹೇಳಿದಂತೆ, ಹಳೆಯ ಕ್ರಮದಲ್ಲಿ ಮಾಡುವ ಶೈಲಿಗಳು ಎರಡನೆಯದರಲ್ಲಿ. ಇನ್ನುಳಿದವು ಸಂದರ್ಭ ನೋಡಿ ಯಾವ ಕಡೆಗಾದರೂ ವಾಲುವಂಥವು. ಈಗ ಬೆಮ್ ಪಟ್ಟಿಯ ಪುರುಷ ಗುಣಗಳನ್ನು ಮೊದಲ ಗುಂಪಿನ ಪಕ್ಕದಲ್ಲಿ ಇಟ್ಟು ನೋಡಿ. ಸ್ವತಂತ್ರ ಸ್ವಭಾವ, ಸ್ವಂತ ನಿಲುವು, ವಿಶ್ಲೇಷಣೆ. ಎರಡು ಪ್ರಶ್ನಾವಳಿಗಳು ಬೇರೆ ಬೇರೆ ಮಾತಿನಲ್ಲಿ ಅರ್ಧದಷ್ಟು ಒಂದೇ ವಿಷಯವನ್ನು ಕೇಳುತ್ತಿವೆ. ಎರಡನ್ನೂ ಒಬ್ಬರಿಗೇ ಕೊಟ್ಟರೆ ಅಂಕಗಳು ಜೊತೆಯಾಗಿ ಏರುವುದು ಸಹಜ.

ಪೂರ್ತಿ ನಂಟು ಇಷ್ಟರಿಂದಲೇ ಹುಟ್ಟುತ್ತದೆ ಅಂತ ಹೇಳಿದರೆ ತಪ್ಪಾಗುತ್ತದೆ. ಪ್ರಶ್ನಾವಳಿ ಬಿಟ್ಟು ನಿಜವಾಗಿ ಕೆಲಸ ಕೊಟ್ಟು ನೋಡಿದಾಗಲೂ ಕೆಲವು ಕಡೆ ನಂಟು ಉಳಿಯುತ್ತದೆ. ಒಂದು ಆಕಾರವನ್ನು ಮನಸ್ಸಿನಲ್ಲೇ ತಿರುಗಿಸಿ, ಇನ್ನೊಂದಕ್ಕೆ ಹೊಂದುತ್ತದಾ ಎಂದು ಹೇಳುವ ಪರೀಕ್ಷೆ ಇದೆ. ಇದರಲ್ಲಿ ಗಂಡಸರ ಸರಾಸರಿ ಅಂಕ ಹೆಚ್ಚು. ಬೌದ್ಧಿಕ ಪರೀಕ್ಷೆಗಳಲ್ಲಿ ಗಂಡು-ಹೆಣ್ಣಿನ ನಡುವೆ ಕಾಣುವ ದೊಡ್ಡ ವ್ಯತ್ಯಾಸಗಳಲ್ಲಿ ಇದೂ ಒಂದು. ರೈಲಿ ಮತ್ತು ನ್ಯೂಮನ್ 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ತಮ್ಮಲ್ಲಿ ‘ಪುರುಷ’ ಗುಣ ಹೆಚ್ಚಿದೆ ಎಂದು ಹೇಳಿಕೊಂಡವರು ಇದರಲ್ಲಿ ಮುಂದಿದ್ದರು. ಗಂಡಸರಲ್ಲೂ ಹೀಗೇ, ಹೆಂಗಸರಲ್ಲೂ ಹೀಗೇ. ಅಂದರೆ ಹೆಂಗಸರ ನಡುವೆಯೇ, ಪಾತ್ರವನ್ನು ಬೇರೆ ರೀತಿ ಹೊತ್ತವರ ಅಂಕ ಬೇರೆ.

ಇದಕ್ಕೆ ಕಾರಣ ಏನಿರಬಹುದು? ಅಭ್ಯಾಸ ಒಂದು ಪ್ರಬಲ ಕಾರಣ. 2007ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ, ವಿಡಿಯೋ ಗೇಮ್ ಆಡುವ ಅಭ್ಯಾಸ ಇಲ್ಲದವರಿಗೆ ಬರೀ 10 ಗಂಟೆ ಆ್ಯಕ್ಷನ್ ಗೇಮ್ ಆಡಿಸಿದರು. ಗಂಡು-ಹೆಣ್ಣಿನ ಅಂತರ ಕಡಿಮೆಯಾಯಿತು. ಹೆಂಗಸರು ಹೆಚ್ಚು ಸುಧಾರಿಸಿದ್ದರು. 10 ಗಂಟೆಯಲ್ಲಿ ಇಷ್ಟು ಬದಲಾಗುವುದಾದರೆ, ಹುಡುಗನ ಕೈಗೆ ಲಗೋರಿ, ಗಾಳಿಪಟ, ಸೈಕಲ್ ರಿಪೇರಿ ಕೊಟ್ಟು, ಹುಡುಗಿಗೆ ‘ಕತ್ತಲಾಗುವ ಮೊದಲು ಒಳಗೆ ಬಾ’ ಎನ್ನುವ ಹತ್ತು ವರ್ಷಗಳಲ್ಲಿ ಎಷ್ಟು ಬದಲಾಗಬಹುದು, ಯೋಚಿಸಿ.

ಈ ವಿಷಯದಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದ ಅಧ್ಯಯನ ನಮ್ಮ ದೇಶದ್ದೇ. ಈಶಾನ್ಯ ಭಾರತದಲ್ಲಿ ಖಾಸಿ ಮತ್ತು ಕರ್ಬಿ ಎಂಬ ಎರಡು ಸಮುದಾಯಗಳು ಅಕ್ಕಪಕ್ಕದಲ್ಲಿ ಬದುಕುತ್ತಿವೆ. ಜೀವನೋಪಾಯ ಹೆಚ್ಚುಕಡಿಮೆ ಒಂದೇ. ಆದರೆ ಕರ್ಬಿಗಳಲ್ಲಿ ಆಸ್ತಿ ಗಂಡುಮಕ್ಕಳಿಗೆ ಹೋಗುತ್ತದೆ. ಖಾಸಿಗಳಲ್ಲಿ ತಾಯಿಯಿಂದ ಮಗಳಿಗೆ, ಅದರಲ್ಲೂ ಕೊನೆಯ ಮಗಳಿಗೆ. (ನಮ್ಮ ಕರಾವಳಿಯ ಅಳಿಯಸಂತಾನ ಪದ್ಧತಿ ಕಂಡವರಿಗೆ ಇದು ತೀರಾ ಹೊಸದೇನಲ್ಲ. ಅಲ್ಲಿಯ ಹಾಗೆ ಇಲ್ಲಿಯೂ ತಾಯಿಯ ಅಣ್ಣತಮ್ಮಂದಿರ ಮಾತಿಗೆ ತೂಕವಿದೆ. ಹಾಗಾಗಿ ಇದನ್ನು ‘ಹೆಂಗಸರ ಆಳ್ವಿಕೆ’ ಎಂದು ತಿಳಿಯಬಾರದು.) ಹಾಫ್‌ಮನ್, ನೀಜಿ ಮತ್ತು ಲಿಸ್ಟ್ ಎಂಬ ಸಂಶೋಧಕರು ಈ ಹಳ್ಳಿಗಳ 1,200ಕ್ಕೂ ಹೆಚ್ಚು ಜನರಿಗೆ ನಾಲ್ಕು ತುಂಡುಗಳ ಚಿತ್ರ ಕೊಟ್ಟು, ಬೇಗ ಜೋಡಿಸಿದರೆ ಹಣ ಕೊಡುತ್ತೇವೆ ಎಂದರು. ಕರ್ಬಿ ಹಳ್ಳಿಗಳಲ್ಲಿ ಹೆಂಗಸರು ಎದ್ದು ಕಾಣುವಷ್ಟು ಹೆಚ್ಚು ಸಮಯ ತೆಗೆದುಕೊಂಡರು. ಖಾಸಿ ಹಳ್ಳಿಗಳಲ್ಲಿ ಗಂಡಸರಿಗೂ ಹೆಂಗಸರಿಗೂ ವ್ಯತ್ಯಾಸವೇ ಇರಲಿಲ್ಲ. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಈ ಅಂತರದ ಸುಮಾರು ಮೂರನೇ ಒಂದು ಭಾಗಕ್ಕೆ ಶಾಲಾ ಶಿಕ್ಷಣದಲ್ಲಿದ್ದ ವ್ಯತ್ಯಾಸವೇ ಕಾರಣ ಎಂದು ಅವರು ಲೆಕ್ಕ ಹಾಕಿದರು.

ಇದಕ್ಕೆ ಎರಡು ವರ್ಷ ಮೊದಲು ಇದೇ ನೀಜಿ ಮತ್ತು ಲಿಸ್ಟ್, ಇನ್ನೊಬ್ಬ ಸಹೋದ್ಯೋಗಿಯೊಂದಿಗೆ ಮತ್ತೊಂದು ಪ್ರಯೋಗ ಪ್ರಕಟಿಸಿದ್ದರು. ಬಕೆಟ್ಟಿಗೆ ಚೆಂಡು ಎಸೆಯುವ ಆಟ. ಒಳಗೆ ಬಿದ್ದ ಪ್ರತಿ ಚೆಂಡಿಗೂ ಇಷ್ಟು ಎಂದು ಹಣ ಪಡೆಯಬಹುದು. ಇಲ್ಲವೇ ಎದುರಾಳಿಯ ಜೊತೆ ಸ್ಪರ್ಧಿಸಿ, ಗೆದ್ದರೆ ಮೂರು ಪಟ್ಟು ಪಡೆಯಬಹುದು. ಆಫ್ರಿಕಾದ ಮಸಾಯಿ ಸಮುದಾಯದಲ್ಲಿ ಸ್ಪರ್ಧೆಯನ್ನು ಆರಿಸಿಕೊಂಡ ಗಂಡಸರು ಶೇ 50, ಹೆಂಗಸರು ಶೇ 26. ಖಾಸಿಗಳಲ್ಲಿ ಲೆಕ್ಕ ತಿರುಗುಮುರುಗಾಯಿತು: ಹೆಂಗಸರು ಶೇ 54, ಗಂಡಸರು ಶೇ 39. ‘ಹೆಂಗಸರು ಸ್ವಭಾವತಃ ರಿಸ್ಕ್ ತೆಗೆದುಕೊಳ್ಳುವುದಿಲ್ಲ, ಸ್ಪರ್ಧೆಗೆ ಇಳಿಯುವುದಿಲ್ಲ’ ಎಂದು ಯಾರಾದರೂ ಸುಮ್ನೆ ಹೇಳಿಬಿಟ್ಟರೆ ನನಗೆ ನೆನಪಾಗುವುದು ಈ ಅಂಕಿಗಳೇ. ಭೂಮಿ ಯಾರ ಹೆಸರಿನಲ್ಲಿದೆ, ಮನೆಯಲ್ಲಿ ಕೊನೆಯ ಮಾತು ಯಾರದ್ದು ಎಂಬುದು ತಲೆಯೊಳಗಿನ ಅಭ್ಯಾಸವನ್ನೂ ತಿದ್ದುತ್ತದೆ.

ಅಂತಃಕರಣದ ಕಡೆಗೂ ಇದೇ ಕಥೆ. ಎದುರಿನವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದರಲ್ಲಿ ಹೆಂಗಸರು ಮುಂದು ಅಂತಾರೆ. ವಿಲಿಯಂ ಇಕ್ಸ್ ಮತ್ತು ಜೊತೆಗಾರರು ಇದನ್ನು ವಿಡಿಯೋ ತೋರಿಸಿ ಅಳೆಯುತ್ತಿದ್ದರು. ವಿಡಿಯೋದಲ್ಲಿರುವ ವ್ಯಕ್ತಿಗೆ ಆ ಕ್ಷಣದಲ್ಲಿ ಏನನ್ನಿಸಿತು ಎಂದು ನೋಡುವವರು ಹೇಳಬೇಕು. ಆ ವ್ಯಕ್ತಿಯೇ ಹೇಳಿದ್ದಕ್ಕೆ ಅದನ್ನು ತಾಳೆ ನೋಡಬೇಕು. 2000ದಲ್ಲಿ ಅವರು ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಒಂದು ವಿಚಿತ್ರ ಕಂಡಿತು. ‘ಇಲ್ಲಿ ನಮ್ಮ ಅಂತಃಕರಣವನ್ನು ಅಳೆಯುತ್ತಿದ್ದಾರೆ’ ಎಂಬ ಸುಳಿವು ಸಿಕ್ಕ ಕಡೆ ಮಾತ್ರ ಹೆಂಗಸರು ಮುಂದಿದ್ದರು. ಮರುವರ್ಷ ಕ್ಲೈನ್ ಮತ್ತು ಹಾಜಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸರಿಯಾಗಿ ಊಹಿಸಿದರೆ ಹಣ ಕೊಡುತ್ತೇವೆ ಎಂದರು. ಗಂಡಸರು ಹೆಂಗಸರಿಗೆ ಸರಿಸಮ ಬಂದರು! ಗಂಡಸರಿಗೂ ಆ ಶಕ್ತಿ ಇತ್ತು. ಅದನ್ನು ಬಳಸಬೇಕು ಎಂಬ ಒತ್ತಾಯ ಅವರ ಪಾತ್ರದಲ್ಲಿ ಇರಲಿಲ್ಲ ಅಷ್ಟೇ.

ಹಾಗಾದರೆ ಹುಟ್ಟಿಗೆ ಸಂಬಂಧವೇ ಇಲ್ಲವಾ? ಇದೆ. ಗರ್ಭದಲ್ಲಿರುವಾಗ ಕೆಲವು ಹಾರ್ಮೋನುಗಳು ಸಾಮಾನ್ಯಕ್ಕಿಂತ ಹೆಚ್ಚಾದ ಹೆಣ್ಣುಮಕ್ಕಳು ಚಿಕ್ಕಂದಿನಲ್ಲಿ ಕಾರು, ಬ್ಲಾಕ್‌ನಂಥ ಆಟಿಕೆಗಳನ್ನು ಹೆಚ್ಚು ಇಷ್ಟಪಡುತ್ತಾರೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಸೈಮನ್ ಬ್ಯಾರನ್-ಕೊಹೆನ್ ಅವರ ತಂಡ 2018ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ನೋಡಿತು. ವ್ಯವಸ್ಥೆಗಳನ್ನು ಬಿಡಿಸಿ ನೋಡುವ ಒಲವು ಗಂಡಸರಲ್ಲೂ, ಅಂತಃಕರಣದ ಒಲವು ಹೆಂಗಸರಲ್ಲೂ ಸರಾಸರಿಯಲ್ಲಿ ಹೆಚ್ಚಿತ್ತು. ಇದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವೂ ತಮ್ಮ ಬಗ್ಗೆ ತಾವೇ ಕೊಟ್ಟ ಉತ್ತರಗಳು. ಜೊತೆಗೆ, ಸರಾಸರಿ ಎಂಬುದು ಲಕ್ಷಾಂತರ ಜನರ ಬಗ್ಗೆ ಹೇಳುವ ಮಾತು. ನಿಮ್ಮೊಬ್ಬರ ಬಗ್ಗೆ ಅದು ಹೇಳುವುದು ಬಹಳ ಕಡಿಮೆ. ಜಾನೆಟ್ ಹೈಡ್ 2005ರಲ್ಲಿ, ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದ ಇಂಥ 46 ಸಮಗ್ರ ವಿಶ್ಲೇಷಣೆಗಳನ್ನು ಒಟ್ಟುಗೂಡಿಸಿದಾಗ, ಗಂಡು-ಹೆಣ್ಣಿನ ವ್ಯತ್ಯಾಸಗಳಲ್ಲಿ ಶೇ 78ರಷ್ಟು ಸಣ್ಣವು ಅಥವಾ ಇಲ್ಲವೇ ಇಲ್ಲ ಎನ್ನುವಂಥವು. 2015ರಲ್ಲಿ ಡಾಫ್ನಾ ಜೋಯೆಲ್ ತಂಡ 1,400ಕ್ಕೂ ಹೆಚ್ಚು ಮಿದುಳಿನ ಸ್ಕ್ಯಾನ್‌ಗಳನ್ನು ನೋಡಿತು. ಪೂರ್ತಿ ‘ಗಂಡು ಮಾದರಿ’ ಅಥವಾ ಪೂರ್ತಿ ‘ಹೆಣ್ಣು ಮಾದರಿ’ ಎನ್ನಬಹುದಾದ ಮಿದುಳುಗಳು ತೀರಾ ಕಡಿಮೆ. ಹೆಚ್ಚಿನವು ಬೆರಕೆ.

ಇನ್ನು ನಿಮ್ಮ ಮನೆಯ ವಿಷಯ. ಅತ್ತೆಯ ಮಾತಿನಲ್ಲಿ ಬೈಗುಳ ಇದೆ ಎಂದು ನನಗೆ ಅನ್ನಿಸುವುದಿಲ್ಲ. ಬಹುಶಃ ಮೆಚ್ಚುಗೆಯೇ ಇರಬಹುದು. ಆದರೆ ಆ ಮಾತು ಅವರಿಗೇ ಅನ್ಯಾಯ ಮಾಡುತ್ತದೆ. ನಮ್ಮ ಅಮ್ಮಂದಿರ, ಅತ್ತೆಯಂದಿರ ತಲೆಮಾರು ಒಂದು ಸಂಬಳದಲ್ಲಿ ತಿಂಗಳು ದೂಡಿದೆ. ಯಾವ ಚೀಟಿ ಯಾವಾಗ ಎತ್ತಬೇಕು, ಯಾವ ಸಾಲ ಮೊದಲು ತೀರಿಸಬೇಕು, ಯಾರ ಮದುವೆಗೆ ಎಷ್ಟು ಮುಯ್ಯಿ ಮಾಡಬೇಕು, ಅವರು ನಮ್ಮ ಮನೆಯ ಮದುವೆಗೆ ಎಷ್ಟು ಮಾಡಿದ್ದರು ಎಂಬುದೆಲ್ಲ ಪುಸ್ತಕ ತೆರೆಯದೆ ಅವರ ತಲೆಯಲ್ಲಿತ್ತು. ಇನ್ನೂರು ಜನರ ಊಟಕ್ಕೆ ಎಷ್ಟು ಸೇರು ಅಕ್ಕಿ, ಯಾರನ್ನು ಯಾರ ಪಕ್ಕ ಕೂರಿಸಬಾರದು ಎಂಬುದು ಕೂಡ. ಇದರಲ್ಲಿ ಲೆಕ್ಕ ಇದೆ, ಆದ್ಯತೆ ಇದೆ, ಹೋಲಿಕೆ ಇದೆ, ಮುಂದಾಲೋಚನೆ ಇದೆ. ಸ್ಟರ್ನ್‌ಬರ್ಗ್ ಪಟ್ಟಿಯ ಅರ್ಧ ಶೈಲಿಗಳು ಇಲ್ಲೇ ಸಿಗುತ್ತವೆ. ಆದರೂ ಇದನ್ನು ಯಾರೂ ‘ವಿಶ್ಲೇಷಣೆ’ ಅನ್ನಲಿಲ್ಲ. ‘ಸಂಸಾರ ತೂಗಿಸುವುದು’ ಅಂದರು. ಅದೇ ಲೆಕ್ಕವನ್ನು ನೀವು ಎಕ್ಸೆಲ್ ಹಾಳೆಯಲ್ಲಿ ಹಾಕಿದ ಕೂಡಲೇ ಗಂಡಸಿನ ಬುದ್ಧಿ ಆಗಿಬಿಟ್ಟಿತು. ನನಗೆ ಇದು ನಿಜಕ್ಕೂ ಬೇಸರ ತರುವ ಸಂಗತಿ. ತಲೆಮಾರುಗಳ ಬುದ್ಧಿವಂತಿಕೆ ಲೆಕ್ಕಕ್ಕೇ ಸಿಗದೆ ಹೋಗಿದೆ.

ನಿಮ್ಮ ಯಜಮಾನರ ಬಗ್ಗೆಯೂ ಎರಡು ಮಾತು ಹೇಳಬೇಕು. ಮನಸ್ಸಿಗೆ ತೋಚಿದ್ದನ್ನು ನಂಬುವುದು ಕಡಿಮೆ ದರ್ಜೆಯ ಯೋಚನೆ ಅಲ್ಲ. ಸೀಮೋರ್ ಎಪ್‌ಸ್ಟೀನ್ ಅವರು ತರ್ಕದ ಒಲವನ್ನೂ ಒಳಮನಸ್ಸಿನ ಒಲವನ್ನೂ ಬೇರೆ ಬೇರೆಯಾಗಿ ಅಳೆದರು. ಒಂದು ಹೆಚ್ಚಿದ್ದರೆ ಇನ್ನೊಂದು ಕಡಿಮೆ ಎಂಬ ನಿಯಮವೇನೂ ಕಾಣಲಿಲ್ಲ. ಒಬ್ಬರಲ್ಲೇ ಎರಡೂ ಚೆನ್ನಾಗಿ ಇರಬಹುದು. ಒಳಮನಸ್ಸು ಎಲ್ಲಿ ನಂಬಿಕೆಗೆ ಅರ್ಹ ಎಂಬುದನ್ನು ಡೇನಿಯಲ್ ಕಾನ್‌ಮನ್ ಮತ್ತು ಗ್ಯಾರಿ ಕ್ಲೈನ್ 2009ರಲ್ಲಿ ಚೆನ್ನಾಗಿ ವಿವರಿಸಿದ್ದಾರೆ. ಒಂದೇ ಬಗೆಯ ಸನ್ನಿವೇಶ ಮತ್ತೆ ಮತ್ತೆ ಎದುರಾಗಬೇಕು. ಮಾಡಿದ್ದು ಸರಿಯೋ ತಪ್ಪೋ ಎಂದು ಬೇಗ ಗೊತ್ತಾಗುತ್ತಿರಬೇಕು. ಅಂಥ ಕಡೆ ಒಳಮನಸ್ಸು ಪಳಗುತ್ತದೆ. ದಿನವೂ ಜನರೊಂದಿಗೆ ವ್ಯವಹರಿಸುವವರಿಗೆ ‘ಈತ ಮಾತು ಉಳಿಸಿಕೊಳ್ಳುವವನಲ್ಲ’ ಎಂದು ತೋಚಿದರೆ ಅದಕ್ಕೆ ಬೆಲೆ ಕೊಡಿ. ಆದರೆ ಮನೆಯನ್ನು ಜೀವನದಲ್ಲಿ ಒಂದೆರಡು ಸಲ ಕೊಳ್ಳುತ್ತೇವೆ. ಅಲ್ಲಿ ತೋಚಿದ್ದಕ್ಕಿಂತ ನಿಮ್ಮ ಪಟ್ಟಿ ಜಾಸ್ತಿ ಉಪಯೋಗ. ತೀರ್ಮಾನ ಯಾವ ಜಾತಿಯದ್ದು ಎಂದು ನೋಡಿ ಯಾರ ಮಾತಿಗೆ ಎಷ್ಟು ತೂಕ ಎಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಿ.

‘ಹೆಂಗರುಳು’ ಎಂದು ಮಗನನ್ನು ಕರೆಯುವುದು ಪ್ರೀತಿಯಿಂದಲೇ ಇರಬಹುದು. ಆದರೆ ಅದನ್ನು ಕೇಳುತ್ತಾ ಬೆಳೆದ ಗಂಡಸಿಗೆ ಅದು ಚುಚ್ಚುವುದೂ ಉಂಟು. ಕೌನ್ಸೆಲಿಂಗ್‌ಗೆ ಬರುವ ಗಂಡಸರಲ್ಲಿ ಇದನ್ನು ಕಂಡಿದ್ದೇನೆ. ಬೆಮ್ 1975ರ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳ ಕೈಗೆ ಬೆಕ್ಕಿನ ಮರಿ ಕೊಟ್ಟು ನೋಡಿದ್ದರು. ಬರೀ ‘ಪುರುಷ’ ಗುಣಗಳನ್ನೇ ತಮ್ಮದೆಂದು ಹೇಳಿಕೊಂಡ ಗಂಡಸರು ಮರಿಯ ಜೊತೆ ಕಡಿಮೆ ಆಡಿದರು. ಎರಡೂ ಗುಣ ಇದ್ದ ಗಂಡಸರು ಖುಷಿಯಿಂದ ಆಡಿದರು. ಅದೇ ಪ್ರಯೋಗಮಾಲೆಯಲ್ಲಿ, ಬೇರೆಯವರ ಒತ್ತಡದ ಮುಂದೆ ಸ್ವಂತ ಅಭಿಪ್ರಾಯ ಉಳಿಸಿಕೊಳ್ಳುವುದರಲ್ಲೂ ಎರಡೂ ಗುಣ ಇದ್ದವರು ಹಿಂದೆ ಬೀಳಲಿಲ್ಲ. ಇದನ್ನು ನೋಡಿ ಆಗ ಅನೇಕರು ‘ಎರಡೂ ಇರುವವರೇ ಶ್ರೇಷ್ಠರು’ ಎಂದು ಸಾರಿಬಿಟ್ಟರು. ಅದು ಪೂರ್ತಿ ನಿಲ್ಲಲಿಲ್ಲ. 1982ರಲ್ಲಿ ಟೇಲರ್ ಮತ್ತು ಹಾಲ್ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಆತ್ಮವಿಶ್ವಾಸ ಮತ್ತು ನೆಮ್ಮದಿಗೆ ಹೆಚ್ಚು ನೆರವಾಗುತ್ತಿದ್ದದ್ದು ‘ಪುರುಷ’ ಎಂದು ಹೆಸರಿಟ್ಟ ಗುಣಗಳೇ. ಲೋಕ ಬೆಲೆ ಕೊಡುವುದು ಆ ಗುಣಗಳಿಗೇ ಆದಾಗ ಇನ್ನೇನಾಗುತ್ತದೆ? ಬೆಮ್ ಕೂಡ ಮುಂದೆ ತಮ್ಮ ಗಮನವನ್ನು ಬೇರೆ ಕಡೆ ತಿರುಗಿಸಿದರು. ಪ್ರತಿಯೊಬ್ಬರೂ ಎರಡೂ ಆಗಬೇಕು ಎನ್ನುವುದಕ್ಕಿಂತ, ಗುಣಗಳಿಗೆ ಗಂಡು-ಹೆಣ್ಣು ಎಂದು ಹೆಸರು ಹಚ್ಚುವುದನ್ನು ಸಮಾಜ ಬಿಡಬೇಕು ಎಂಬುದು ಅವರ ಮುಂದಿನ ವಾದ.

ಆಫೀಸಿನ ವರದಿಯ ಬಗ್ಗೆ ಒಂದು ಸಲಹೆ. ಆ ಫಲಿತಾಂಶವನ್ನು ಬಡ್ತಿಗೋ ತಂಡ ಕಟ್ಟುವುದಕ್ಕೋ ಬಳಸುತ್ತಾರಾ ಎಂದು ಎಚ್‌ಆರ್‌ನವರನ್ನು ಕೇಳಿ. ಬಳಸುವುದಾದರೆ, ಪರೀಕ್ಷೆಯ ಮಾನದಂಡ ಯಾವ ವರ್ಷದ್ದು, ಯಾವ ದೇಶದವರ ಮೇಲೆ ಮಾಡಿದ್ದು ಎಂದೂ ಕೇಳಿ. ಅಮೆರಿಕದಲ್ಲೇ ಬೆಮ್ ಪ್ರಶ್ನಾವಳಿಯಲ್ಲಿ ಹೆಂಗಸರ ಅಂಕಗಳು ಹಲವು ದಶಕಗಳಲ್ಲಿ ಬಹಳ ಬದಲಾಗಿವೆ. 1970ರ ದಶಕದಿಂದ 90ರ ದಶಕದವರೆಗೆ ಅವರ ‘ಪುರುಷ’ ಅಂಕ ಏರುತ್ತಾ ಬಂತು. 1993ರಿಂದ 2012ರ ನಡುವೆ ‘ಸ್ತ್ರೀ’ ಅಂಕ ಇಳಿಯಿತು. ಹುಟ್ಟುಗುಣ ಇಷ್ಟು ಬೇಗ ಬದಲಾಗುವುದಿಲ್ಲ. ಬದಲಾಗಿದ್ದು ಓದು, ಕೆಲಸ, ಕೈಯಲ್ಲಿರುವ ದುಡ್ಡು.

ಮಗಳ ವಿಷಯದಲ್ಲಿ ಸರಿಪಡಿಸಬೇಕಾದ್ದು ಏನೂ ಇಲ್ಲ. ಅವಳು ಪಟ್ಟಿ ಮಾಡುತ್ತಾಳೆ, ಲೆಕ್ಕ ಹಾಕುತ್ತಾಳೆ ಅಂದರೆ ಮಾಡಲಿ. ‘ಗಂಡು ಹುಡುಗನ ಥರ ಇದ್ದೀಯ’ ಎಂದು ಮಾತ್ರ ಯಾರೂ ಹೇಳದಂತೆ ನೋಡಿಕೊಳ್ಳಿ, ಹೊಗಳಿಕೆಯಾಗಿ ಕೂಡ. ಆ ಮಾತು ಕೇಳಿದ ಮಗುವಿಗೆ, ತನ್ನ ಬುದ್ಧಿ ಬೇರೆಯವರಿಂದ ಎರವಲು ತಂದದ್ದು ಅನ್ನಿಸಿಬಿಡುತ್ತದೆ. ಸಣ್ಣ ತೀರ್ಮಾನಗಳನ್ನು ಅವಳಿಗೇ ಬಿಡಿ. ಹುಟ್ಟುಹಬ್ಬದ ದುಡ್ಡು ಹೇಗೆ ಖರ್ಚು ಮಾಡಬೇಕು, ಪ್ರವಾಸದ ಚೀಲಕ್ಕೆ ಏನೇನು ತುಂಬಬೇಕು ಎಂಬಂಥವು. ತಪ್ಪಾದರೆ ಅದರ ಫಲವನ್ನು ಅವಳೇ ನೋಡಲಿ. ತಾನೇ ದಾರಿ ಹುಡುಕುವ ಶೈಲಿ ಬೆಳೆಯುವುದು ಹಾಗೆ. ಜೊತೆಗೆ, ಗೆಳತಿ ಮುನಿಸಿಕೊಂಡಾಗ ‘ಅವಳಿಗೆ ಏನನ್ನಿಸಿರಬಹುದು?’ ಎಂದು ಅಪ್ಪನ ಹತ್ತಿರ ಕೂತು ಮಾತಾಡಲಿ. ಅಪ್ಪ ಇದರಲ್ಲಿ ಗಟ್ಟಿಗರು ಎಂದು ನಿಮ್ಮ ಪತ್ರ ಓದಿದರೇ ಗೊತ್ತಾಗುತ್ತದೆ.

ಗಮನ ಕೊಡಬೇಕಾದ ಸಂಗತಿ ಒಂದಿದೆ. ಅಮೆರಿಕದಲ್ಲಿ ಲಿನ್ ಬಿಯಾನ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 5 ವರ್ಷದ ಹುಡುಗಿಯರು ‘ತುಂಬಾ ತುಂಬಾ ಜಾಣರು’ ಯಾರು ಎಂದರೆ ಹುಡುಗರಷ್ಟೇ ಧೈರ್ಯವಾಗಿ ತಮ್ಮವರನ್ನೇ ತೋರಿಸುತ್ತಿದ್ದರು. 6 ವರ್ಷದ ಹೊತ್ತಿಗೆ ಹುಡುಗಿಯರಲ್ಲಿ ಆ ಧೈರ್ಯ ಕುಗ್ಗಿತ್ತು. ಆಮೇಲೆ 6-7 ವರ್ಷದ ಮಕ್ಕಳಿಗೆ ಎರಡು ಹೊಸ ಆಟಗಳನ್ನು ತೋರಿಸಿದರು. ಒಂದು ‘ತುಂಬಾ ಜಾಣರಿಗೆ’, ಇನ್ನೊಂದು ‘ತುಂಬಾ ಕಷ್ಟಪಡುವವರಿಗೆ’. ಮೊದಲನೆಯದರಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಕಡಿಮೆ ಆಸಕ್ತಿ. ಎರಡನೆಯದರಲ್ಲಿ ವ್ಯತ್ಯಾಸ ಇರಲಿಲ್ಲ. ನಿಮ್ಮ ಮಗಳು ಆ ವಯಸ್ಸು ದಾಟಿದ್ದಾಳೆ. ಇಷ್ಟು ದಿನ ಇಷ್ಟಪಡುತ್ತಿದ್ದ ಪಜಲ್ಲು, ಚೆಸ್ಸು, ಗಣಿತದ ಸ್ಪರ್ಧೆಯನ್ನು ಒಂದು ದಿನ ‘ನನಗೆ ಬೇಡ, ಅದು ಜಾಣರಿಗೆ’ ಎಂದು ಬಿಟ್ಟರೆ, ‘ನೀನೂ ಜಾಣೆ’ ಎಂದು ವಾದಕ್ಕೆ ಇಳಿಯಬೇಡಿ. ‘ಇದು ಕೂತು ಒದ್ದಾಡುವವರ ಆಟ, ಬಾ, ಇಬ್ಬರೂ ಸೇರಿ ಒದ್ದಾಡೋಣ’ ಎಂದು ಪಕ್ಕದಲ್ಲಿ ಕೂತುಕೊಳ್ಳಿ.